ಎರಡನೇ ನಂಬರಿನ ಗಾಳಿ

ನಮ್ಮ ಅವ್ವನಿಗೆ ಗಾಡಿ ಆಗುವುದಿಲ್ಲ. ಬಸ್ಸು, ಜೀಪು, ಆಟೋ, ನೆಂಟರ ಹೊಸ ಕಾರು, ಯಾವುದಾದರೂ ಅಷ್ಟೆ. ನಾಲ್ಕು ತಿರುವು ದಾಟುವಷ್ಟರಲ್ಲಿ ಮುಖ ಬಿಳಿಚಿಕೊಂಡು, ಸೆರಗನ್ನು ಬಾಯಿಗೆ ಒತ್ತಿಕೊಂಡು, “ನಿಲ್ಸಿ, ನಿಲ್ಸಿ” ಎನ್ನುತ್ತಾಳೆ. ಕೊಡಗಿನಲ್ಲಿ ನಾಲ್ಕು ತಿರುವು ಅಂದರೆ ಮನೆಯ ಗೇಟಿನಿಂದ ದೊಡ್ಡ ರಸ್ತೆಯವರೆಗೂ ಆಗುವುದಿಲ್ಲ. ಹೀಗಾಗಿ ಅವಳು ತಪ್ಪಿಸಿಕೊಂಡ ಮದುವೆ, ನಾಮಕರಣಗಳಿಗೆ ಲೆಕ್ಕವಿಲ್ಲ. ಹೋದ ಕಡೆಯೂ ಹಿಂದಿನ ರಾತ್ರಿಯಿಂದಲೇ ಉಪವಾಸ. ದಾರಿಯಲ್ಲಿ ಒಂದು ಗುಟುಕು ನೀರು ಕೂಡ ಇಲ್ಲ.

ಅವಳಿಗೆ ಆಗುವ ಗಾಡಿ ಒಂದೇ ಒಂದು, ನನ್ನ ಹಳೆಯ ಕಾರು. ನನಗೆ ಶಾಲೆಯಲ್ಲಿ ಟೀಚರ್ ಕೆಲಸ ಖಾಯಂ ಆದ ವರ್ಷ, ವರ್ಗವಾಗಿ ಹೊರಟಿದ್ದ ಒಬ್ಬ ಎಸ್ಟೇಟ್ ಮ್ಯಾನೇಜರಿಂದ ಕೊಂಡದ್ದು. ಅದರ ಎ.ಸಿ. ನಾನು ಕೊಳ್ಳುವ ಮೊದಲೇ ಸತ್ತಿತ್ತು, ಗಾಳಿ ಬೀಸುವ ಬ್ಲೋವರ್ ಮಾತ್ರ ಇತ್ತು. ಅವ್ವ ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ಎದುರಿನ ಗಾಳಿ ಕಿಂಡಿಗಳನ್ನು ತನ್ನ ಮುಖಕ್ಕೆ ಸರಿಯಾಗಿ ತಿರುಗಿಸಿಕೊಳ್ಳುತ್ತಾಳೆ. ನಾನು ಬ್ಲೋವರ್ ಗುಂಡಿಯನ್ನು ಎರಡಕ್ಕೆ ಇಡಬೇಕು. ಒಂದಾದರೆ ಸಾಲದು, ಮೂರಾದರೆ ತಲೆನೋವು, ನಾಲ್ಕಾದರೆ ಆ ಸದ್ದಿಗೇ ಹೊಟ್ಟೆ ತೊಳಸುತ್ತದೆ. ಎರಡನೇ ನಂಬರಿನ ಗಾಳಿ ಮುಖಕ್ಕೆ ಬೀಳುತ್ತಿದ್ದರೆ ಅವಳು ಕಣ್ಣು ಮುಚ್ಚಿಕೊಂಡು ಎಷ್ಟು ದೂರ ಬೇಕಾದರೂ ಬರುತ್ತಾಳೆ. ಬಾಡಿಗೆ ಕಾರುಗಳಲ್ಲೂ ಗಾಳಿ ಬರುತ್ತದಲ್ಲ ಅಂದರೆ, ಅಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿರುವ ಸೆಂಟಿನ ಬಾಟಲಿ ನೋಡಿದರೇ ಅವಳಿಗೆ ವಾಂತಿ.

ಅವಳ ಬಲಗಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣು ಚಿಕ್ಕಂದಿನಿಂದಲೂ ಮಂದ. ಕುಶಾಲನಗರದ ಹತ್ತಿರ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ಕೆಲಸವನ್ನು ಅವಳು ಬಲಗಣ್ಣೊಂದರ ಆಧಾರದಲ್ಲೇ ಅಷ್ಟು ವರ್ಷ ಮಾಡಿದ್ದಳು. ಮೈಸೂರಿನ ಕಣ್ಣಿನ ಆಸ್ಪತ್ರೆಯ ಡಾಕ್ಟರು, ಪೊರೆ ಬಲಿತಿದೆ, ಇನ್ನು ತಡ ಮಾಡಿದರೆ ಆಪರೇಷನ್ ಕಷ್ಟವಾಗುತ್ತದೆ ಅಂದಿದ್ದರು. ಆಮೇಲಿನ ಪಥ್ಯವನ್ನೂ ಹೇಳಿದ್ದರು. ಧೂಳು ಬೀಳಬಾರದು, ನೀರು ತಾಗಬಾರದು, ಬಗ್ಗಬಾರದು, ಜೋರಾಗಿ ಕೆಮ್ಮಬಾರದು, ವಾಂತಿ ಆಗದ ಹಾಗೆ ನೋಡಿಕೊಳ್ಳಬೇಕು, ಕಣ್ಣಿನ ಮೇಲೆ ಒತ್ತಡ ಬೀಳುತ್ತದೆ. ಇಷ್ಟರಲ್ಲಿ ಅವ್ವನ ಕಿವಿಗೆ ಬಿದ್ದದ್ದು ಒಂದೇ ಮಾತು, ವಾಂತಿ. ಆ ಮಾತು ಹಿಡಿದುಕೊಂಡು ಹೋದ ವರ್ಷ ಒಮ್ಮೆ, ಈ ಬೇಸಿಗೆಯಲ್ಲಿ ಇನ್ನೊಮ್ಮೆ ಆಪರೇಷನ್ ಮುಂದೂಡಿದ್ದಳು. ಕೊನೆಗೆ ನಾನು, “ನಮ್ಮ ಕಾರಲ್ಲೇ ಹೋಗಣ, ಎರಡರಲ್ಲೇ ಫ್ಯಾನು ಹಾಕ್ತೀನಿ, ಕಿಟಕಿ ತೆಗೆಯೋದೇ ಬೇಡ” ಎಂದು ಮಾತು ಕೊಟ್ಟ ಮೇಲೆ ಒಪ್ಪಿದಳು. ಸೋಮವಾರ ಹೊರಟು ಆಸ್ಪತ್ರೆ ಸೇರಬೇಕು ಎಂದು ನಿಗದಿಯಾಯಿತು.

ಆ ವಾರವೇ ಬ್ಲೋವರ್ ಕೈಕೊಟ್ಟಿತು.

ಗುರುವಾರ ಒಂದು, ಎರಡು, ಮೂರು ನಂಬರುಗಳು ಒಟ್ಟಿಗೆ ಹೋದವು. ಗುಂಡಿ ನಾಲ್ಕಕ್ಕೆ ಬಂದಾಗ ಮಾತ್ರ ಗಾಳಿ, ಅದೂ ಏದುಸಿರು ಬಿಟ್ಟ ಹಾಗೆ. ಶುಕ್ರವಾರ ಶಾಲೆ ಮುಗಿಸಿ ಅಮ್ಮತ್ತಿಯ ಮನೆಗೆ ಬರುವಾಗ ನಾಲ್ಕೂ ನಿಂತಿತು. ಊಂ ಎಂದು ಒಂದು ನರಳಾಟ, ಆಮೇಲೆ ಏನೂ ಇಲ್ಲ. ಹೊರಗೆ ಜಡಿಮಳೆ. ಎದುರಿನ ಗಾಜು ಒಳಗಿನಿಂದ ಮಂಜು ಕಟ್ಟಿಕೊಂಡಿತು. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಕರವಸ್ತ್ರ. ಒರೆಸಿದ ಕಡೆ ರಸ್ತೆ ಕಾಣುತ್ತಿತ್ತು, ಕೈ ತೆಗೆದ ಕೂಡಲೇ ಮುಚ್ಚುತ್ತಿತ್ತು. ಕಿಟಕಿ ಇಳಿಸಿದರೆ ಮಂಜು ಹೋಗುತ್ತದೆ, ಆದರೆ ಮಳೆ ನೇರ ಮುಖಕ್ಕೇ ಬಡಿಯುತ್ತದೆ. ಆಪರೇಷನ್ ಆದ ಕಣ್ಣನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೀಗೆ ಬರುವುದು ಸಾಧ್ಯವೇ ಇಲ್ಲ ಎಂದು ಅಲ್ಲೇ ಗೊತ್ತಾಯಿತು.

ಮನೆಯಲ್ಲಿ ಮುಚ್ಚಿಡಲು ನೋಡಿದೆ. ಆಗಲಿಲ್ಲ. ನನ್ನ ತೊಯ್ದ ತೋಳು ನೋಡಿಯೇ ಅವ್ವ ಕೇಳಿದಳು.

“ಫ್ಯಾನು ಕೆಟ್ಟೋಯ್ತಾ?”

“ಸಣ್ಣದೇನೋ ಆಗೈತೆ. ಸರಿ ಮಾಡಿಸ್ತೀನಿ.”

“ಸರಿಯಾದ್ರೆ ಬತ್ತೀನಿ. ಇಲ್ದಿದ್ರೆ ಸೋಮವಾರ ನೀನೂ ನಿಮ್ಮಪ್ಪನೂ ಹೋಗಿ ಬನ್ನಿ. ನನ್ನ ಕಣ್ಣು ಇಲ್ಲೇ ಇರ್ತದೆ.”

ಮೂಲೆಯಲ್ಲಿ ಕೂತಿದ್ದ ಅಪ್ಪ ಕಿಸಕ್ಕನೆ ನಕ್ಕ. ಅಪ್ಪ ಹಾಸನದ ಕಡೆಯಿಂದ ಬಂದು ಕೊಡಗಿನ ಎಸ್ಟೇಟುಗಳಲ್ಲಿ ಟ್ರ್ಯಾಕ್ಟರ್ ಓಡಿಸಿದವನು. ನನಗೆ ಅಮ್ಮತ್ತಿಯಲ್ಲಿ ಮನೆ ಸಿಕ್ಕ ಮೇಲೆ ಇಬ್ಬರೂ ನನ್ನ ಜೊತೆಗೇ ಇದ್ದಾರೆ. ಅವ್ವ ಅವನ ಕಡೆ ತಿರುಗಿದಳು.

“ನಗ್ತೀರಲ್ಲ, ಎಲ್ಲಾ ನಿಮ್ಮಿಂದಲೇ. ಒಂದು ವಾರದಿಂದ ಕಾರೊಳಗೆ ಬೀಡಿ ವಾಸನೆ. ಬಿಟ್ಟೆ ಬಿಟ್ಟೆ ಅಂತ ದೇವರ ಮುಂದೆ ಆಣೆ ಇಟ್ಟೋರು, ಮಗಳ ಕಾರಲ್ಲಿ ಕೂತ್ಕಂಡು ಸೇದ್ತಾ ಇದೀರಿ.”

“ಥೂ, ನಾನು ಸೇದಿಲ್ಲ ಕಣೆ. ಈ ಮಗೀನ ಮೇಲಾಣೆ,” ಎಂದು ನನ್ನ ಕಡೆ ಕೈ ತೋರಿಸಿದ.

“ಮಗೀನ ಮೇಲೆ ಯಾಕೆ ಆಣೆ ಇಡ್ತೀರಿ? ನಿಮ್ಮ ಮೇಲೇ ಇಟ್ಕಳಿ.”

ವಾಸನೆ ಇದ್ದದ್ದು ನಿಜ. ನನಗೂ ಬಂದಿತ್ತು. ಅಪ್ಪನೇ ಇರಬೇಕು ಎಂದು ನಾನೂ ಅಂದುಕೊಂಡಿದ್ದೆ.

ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ಗೋಣಿಕೊಪ್ಪಲಿಗೆ ಹೋದೆ. ಗ್ಯಾರೇಜಿನ ಮುಂದೆ ಕೆಸರು ಮೆತ್ತಿದ ಜೀಪುಗಳು ಸಾಲುಗಟ್ಟಿ ನಿಂತಿದ್ದವು. ನಮ್ಮ ಮೆಕ್ಯಾನಿಕ್ಕು ಒಂದರ ಅಡಿಯಿಂದ ಎದ್ದು ಬಂದು ಫ್ಯೂಸ್ ಡಬ್ಬಿ ತೆಗೆದ. ಬ್ಲೋವರಿನ ಫ್ಯೂಸ್ ಸುಟ್ಟಿತ್ತು. ಹೊಸದು ಹಾಕಿ ಗುಂಡಿ ತಿರುಗಿಸಿದ. ಟಪ್ ಎಂದಿತು, ಅದೂ ಹೋಯಿತು.

“ಟೀಚರೇ, ಮೋಟರ್ ಹೋಗಿದೆ. ಹೊಸದು ಮೈಸೂರಿಂದ ಬರ್ಬೇಕು. ಬುಧವಾರ ಬಿಟ್ಹೋಗಿ, ಹಾಕಿಕೊಡ್ತೇನೆ.”

“ಬುಧವಾರ ಅಲ್ಲ, ನನಗೆ ಸೋಮವಾರ ಬೆಳಿಗ್ಗೆ ಬೇಕು.”

“ಸೋಮವಾರ ಬೆಳಿಗ್ಗೆ ಬೇಕು ಅಂತ ಇಷ್ಟು ಜನ ನಿಂತಿದ್ದಾರೆ ನೋಡಿ. ದೊಡ್ಡ ಫ್ಯೂಸ್ ಹಾಕಿ ನೋಡುವಾ?”

“ಬೇಡ. ವೈರ್ ಸುಟ್ಟುಹೋಗ್ತದೆ. ಮೋಟರ್ ಸುಟ್ಟಿದೆ ಅಂತ ಹೇಗೆ ಹೇಳ್ತೀರಿ? ಎಲ್ಲಾದರೂ ಸಿಕ್ಕಿಕೊಂಡು ತಿರುಗದೆ ನಿಂತಿದ್ದರೂ ಕರೆಂಟು ಹೀಗೇ ಎಳೀತದೆ.”

ಅವನು ಕೈ ಒರೆಸಿಕೊಳ್ಳುತ್ತ ನಕ್ಕ. “ಅದೂ ಇರಬಹುದು. ಹಾಗಾದ್ರೆ ನೀವೇ ಬಿಚ್ಚಿ ನೋಡಿ. ಗ್ಲೋವ್ ಬಾಕ್ಸ್ ಕೆಳಗೆ ಮೂರು ಸ್ಕ್ರೂ. ಮಕ್ಕಳಿಗೆ ಇದನ್ನೇ ಅಲ್ವಾ ಪಾಠ ಮಾಡೋದು? ಬರೀ ಬೋರ್ಡ್ ಮೇಲೆ ಬರೆಯೋದಾ?” ಎಂದು ಕೈಗೆ ನಾಲ್ಕೈದು ಫ್ಯೂಸ್ ಕೊಟ್ಟು ಮತ್ತೆ ಜೀಪಿನ ಅಡಿಗೆ ಸರಿದುಕೊಂಡ.

ತಮಾಷೆಗೆ ಅಂದ ಮಾತು. ಆದರೂ ದಾರಿಯುದ್ದಕ್ಕೂ ಅದು ನನ್ನ ಜೊತೆಯಲ್ಲೇ ಬಂತು. ನಾನು ಬಿ.ಎಸ್ಸಿ. ಓದಿದವಳು. ನಮ್ಮ ಅಪ್ಪನ ಕಡೆಯಲ್ಲಾಗಲಿ ಅವ್ವನ ಕಡೆಯಲ್ಲಾಗಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಸಂದರ್ಭ ಸಿಕ್ಕಿದರೆ ಹೇಳುತ್ತೇನೆ. ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದಿತ್ತು. ಆದರೆ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಮೀಟರುಗಳು ಕಡಿಮೆ. ಗುಂಪು ಮಾಡಿದಾಗ ಹುಡುಗರು ವೈರ್ ಜೋಡಿಸುತ್ತಿದ್ದರು, ಹುಡುಗಿಯರು ರೀಡಿಂಗ್ ಬರೆದುಕೊಳ್ಳುತ್ತಿದ್ದೆವು. ನನ್ನ ಅಕ್ಷರ ಚೆನ್ನಾಗಿತ್ತು, ಹಾಗಾಗಿ ನಾನು ಬರೆದದ್ದೇ ಬರೆದದ್ದು. ಮೀಟರಿನ ಮುಳ್ಳು ಎಲ್ಲಿ ನಿಂತಿತು ಎಂದು ಬೇರೆಯವರು ಕೂಗಿ ಹೇಳುತ್ತಿದ್ದರು. ಕೆಲಸ ಸಿಕ್ಕಿದ ಮೇಲೆ ಮೈಸೂರಿನ ಅಂಗಡಿಯೊಂದರಲ್ಲಿ ನಾನು ನನಗೋಸ್ಕರ ಕರೆಂಟು ಅಳೆಯುವ ಒಂದು ಮಲ್ಟಿಮೀಟರ್ ಕೊಂಡೆ. ಸೀರೆಗಿಂತ ಮೊದಲು ಅದನ್ನೇ ಕೊಂಡದ್ದು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಹಳೆಯ ಚೂಡಿದಾರ ಹಾಕಿಕೊಂಡು, ಕಾರಿನ ಎಡಬಾಗಿಲು ತೆರೆದು ಕೂತೆ. ಮಳೆ ಸ್ವಲ್ಪ ಹೊಳವಾಗಿತ್ತು. ಅಪ್ಪ ಛತ್ರಿ ಹಿಡಿದು ಬಂದು ಹಿಂದೆ ನಿಂತ.

“ಬಿಚ್ಚಬೇಡ ಮಗಾ. ಬಿಚ್ಚೋದು ಸುಲಭ, ಸೇರ್ಸೋದು ಕಷ್ಟ.”

“ಮೂರೇ ಸ್ಕ್ರೂ ಅಪ್ಪ.”

“ಹಳೇ ಗಾಡಿ. ಒಂದು ಮುಟ್ಟಿದ್ರೆ ಇನ್ನೊಂದು ಬೀಳ್ತದೆ. ಬಾಡಿಗೆ ಕಾರು ಹೇಳಣ. ಸೆಂಟ್ ಬಾಟ್ಲು ತೆಗ್ದಿಡು ಅಂದ್ರಾಯ್ತು.”

ಟ್ರ್ಯಾಕ್ಟರ್ ಎಂಜಿನ್ನನ್ನೇ ಹರವಿಕೊಂಡು ಕೂರುತ್ತಿದ್ದ ಮನುಷ್ಯ ಮೂರು ಸ್ಕ್ರೂಗೆ ಇಷ್ಟು ಹೆದರುವುದು ನನಗೆ ವಿಚಿತ್ರವಾಗಿ ಕಂಡಿತು. ಆದರೂ ಕೇಳುವಷ್ಟು ವ್ಯವಧಾನ ಇರಲಿಲ್ಲ.

ಮೊದಲು ಕರೆಂಟು ಎಲ್ಲಿಯವರೆಗೆ ಬರುತ್ತಿದೆ ನೋಡೋಣ ಎಂದು ಹೊಸ ಫ್ಯೂಸ್ ಹಾಕಿ, ಮೋಟರಿನ ಪ್ಲಗ್ಗು ಕಿತ್ತು, ಆ ಪ್ಲಗ್ಗಿಗೆ ಮೀಟರ್ ಹಿಡಿದು ಗುಂಡಿಯನ್ನು ನಾಲ್ಕಕ್ಕೆ ತಿರುಗಿಸಿದೆ. ಪೂರ್ತಿ ಹನ್ನೆರಡು ವೋಲ್ಟು ಬಂತು. ಫ್ಯೂಸ್ ಹೋಗಲಿಲ್ಲ. ಅಂದರೆ ದಾರಿಯೆಲ್ಲ ಸರಿಯಿದೆ, ತೊಂದರೆ ಇರುವುದು ಮೋಟರಿನಲ್ಲೇ. ಸುಟ್ಟಿದೆಯೋ, ಸಿಕ್ಕಿಕೊಂಡಿದೆಯೋ, ಅಷ್ಟೇ ಉಳಿದ ಪ್ರಶ್ನೆ. ಕತ್ತು ತಿರುಚಿ, ಗ್ಲೋವ್ ಬಾಕ್ಸಿನ ಕೆಳಗೆ ತಲೆ ತೂರಿಸಿ ಸ್ಕ್ರೂ ಬಿಚ್ಚಿದೆ. ಕೊನೆಯದು ಬಿಟ್ಟುಕೊಂಡಾಗ ಮೋಟರು ತನ್ನ ಚಕ್ರದ ಸಮೇತ ನನ್ನ ಎದೆಯ ಮೇಲೆ ಬಿತ್ತು. ಜೊತೆಗೆ ಒಣಗಿದ ಸಿಲ್ವರ್ ಓಕ್ ಎಲೆಗಳು. ಅದರ ಜೊತೆಗೆ, ಮೂಗಿಗೆ ಹೊಡೆಯುವ ಹಾಗೆ, ಬೀಡಿ ವಾಸನೆ.

ಹೊರಗೆ ತಂದು ಬೆಳಕಿನಲ್ಲಿ ಹಿಡಿದೆ. ಗಾಳಿ ತಳ್ಳುವ ಚಕ್ರದ ಬುಡಕ್ಕೆ ಬಟ್ಟೆಯೊಂದು ಹಗ್ಗದ ಹಾಗೆ ಹುರಿಯಾಗಿ ಸುತ್ತಿಕೊಂಡಿತ್ತು. ಬೆರಳಿನಿಂದ ತಿರುಗಿಸಿದರೆ ಚಕ್ರ ಅಲ್ಲಾಡಲಿಲ್ಲ. ಕತ್ತರಿ ತಂದು ಬಟ್ಟೆಯನ್ನು ಕತ್ತರಿಸಿ ಎಳೆದೆ. ನೀಲಿ ಹೂವಿನ ಹತ್ತಿ ಸೀರೆಯ ತುಂಡು. ಅದರ ಮಡಿಕೆಯಲ್ಲೆಲ್ಲ ಪುಡಿಪುಡಿಯಾದ ಹೊಗೆಸೊಪ್ಪು.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಮೋಡ ನೋಡಿದ.

“ಅಪ್ಪ?”

“ಇಲಿಗೆ ಅಂತ ಕಣವ್ವ,” ಎಂದ, ತುಂಬ ಸಣ್ಣ ದನಿಯಲ್ಲಿ.

ಮಳೆಗಾಲ ಬಂತೆಂದರೆ ತೋಟದ ಇಲಿಗಳು ಬಿಸಿ ಹುಡುಕಿಕೊಂಡು ಎಂಜಿನ್ನಿನ ಹತ್ತಿರ ಸೇರುತ್ತವೆ. ಹೋದ ಮಳೆಗಾಲದಲ್ಲಿ ನನ್ನ ಕಾರಿನ ವೈರುಗಳನ್ನು ಕಡಿದುಹಾಕಿದ್ದವು. ಹೊಗೆಸೊಪ್ಪಿನ ವಾಸನೆ ಇರುವ ಕಡೆ ಇಲಿ ಬರುವುದಿಲ್ಲ ಎಂದು ಅಪ್ಪನ ನಂಬಿಕೆ. ಪಿರಿಯಾಪಟ್ಟಣದ ಕಡೆ ನಮ್ಮ ನೆಂಟರು ಹೊಗೆಸೊಪ್ಪು ಬೆಳೆಯುತ್ತಾರೆ. ಅಲ್ಲಿಂದ ಒಂದು ಹಿಡಿ ತಂದು, ಅವ್ವನ ಹಳೆಯ ಸೀರೆ ಹರಿದು, ಸಣ್ಣ ಸಣ್ಣ ಗಂಟು ಕಟ್ಟಿ ಬಾನೆಟ್ಟಿನ ಒಳಗೆ ಅಲ್ಲಲ್ಲಿ ಇಟ್ಟಿದ್ದಾನೆ. ಒಂದನ್ನು ವೈಪರಿನ ಕೆಳಗೆ, ಮುರಿದುಹೋದ ಜಾಲರಿಯ ಪಕ್ಕದಲ್ಲಿ. ಕಾರಿನೊಳಕ್ಕೆ ಗಾಳಿ ಹೋಗುವುದೇ ಆ ಜಾಲರಿಯಿಂದ. ಗಂಟು ಒಳಗೆ ಜಾರಿ ಚಕ್ರಕ್ಕೆ ಸಿಕ್ಕಿದೆ.

“ಹೇಳಬಾರದಿತ್ತಾ?”

“ಹೆಂಗೆ ಹೇಳ್ಲಿ? ಮನೇಲಿ ಹೊಗೆಸೊಪ್ಪು ಕಂಡ್ರೆ ನಿಮ್ಮವ್ವ ಇಲಿಗೆ ಅಂದ್ರೆ ನಂಬ್ತಾಳಾ? ಸೇದಕ್ಕೆ ತಂದವ್ನೆ ಅಂತಾಳೆ.”

ಅಷ್ಟು ಹೊತ್ತಿಗೆ ಅವ್ವ ಬಾಗಿಲಲ್ಲಿ ನಿಂತಿದ್ದಳು. ಪೊರೆ ಬಂದ ಕಣ್ಣಿಗೆ ದೂರ ಕಾಣುತ್ತಿರಲಿಲ್ಲ. ಹತ್ತಿರ ಬಂದು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಬೆರಳಲ್ಲಿ ಉಜ್ಜಿ ನೋಡಿದಳು, ಮೂಸಿದಳು.

“ಇದು ನನ್ನ ನೀಲಿ ಸೀರೆ.”

ಅಪ್ಪ ಇದ್ದಕ್ಕಿದ್ದ ಹಾಗೆ ಎದೆ ಉಬ್ಬಿಸಿದ. “ನೋಡಿದ್ಯಾ? ಬೀಡಿ ಅಲ್ಲ ಅಂತ ಬಡ್ಕೊಂಡೆ. ನಾನು ಸೇದಿಲ್ಲ. ಈಗ್ಲಾದ್ರೂ ಒಪ್ಕೊ.”

“ಸೇದಿದ್ರೇ ಚೆನ್ನಾಗಿತ್ತು,” ಎಂದಳು ಅವ್ವ. “ನನ್ನ ಸೀರೆ ಹರ್ದು ನನ್ನ ಕಣ್ಣಿಗೇ ಸಂಚಕಾರ ತಂದ್ರಲ್ಲ.”

“ಇಲಿ ಬಂತಾ? ಅದು ಹೇಳು. ಈ ವರ್ಷ ಒಂದು ಇಲಿ ಬಂತಾ?”

ನನಗೆ ನಗು ತಡೆಯಲಾಗಲಿಲ್ಲ. ಅವ್ವನೂ ನಕ್ಕಳು. ಸಿಟ್ಟು ಮಾಡಿಕೊಳ್ಳಬೇಕಾದ ಹೊತ್ತಿನಲ್ಲಿ ನನಗೆ ಆದದ್ದು ಸಮಾಧಾನ. ಕಾರಣ ಕೈಗೆ ಸಿಕ್ಕಿತ್ತು.

ಚಕ್ರ ತೊಳೆದು ಒರೆಸಿ, ಮೋಟರಿಗೆ ಎರಡು ವೈರು ಕೊಟ್ಟು ನೇರ ಬ್ಯಾಟರಿಗೆ ಮುಟ್ಟಿಸಿದೆ. ಅದು ಭರ್ರೆಂದು ತಿರುಗಿತು. ಸುಟ್ಟಿರಲಿಲ್ಲ. ಮತ್ತೆ ಜೋಡಿಸಿ ಗುಂಡಿ ತಿರುಗಿಸಿದೆ. ನಾಲ್ಕರಲ್ಲಿ ಗಾಳಿ ಬಂತು, ಫ್ಯೂಸ್ ನಿಂತಿತು. ಆದರೆ ಒಂದು, ಎರಡು, ಮೂರು ಬರಲೇ ಇಲ್ಲ.

ಅವ್ವ ಬಂದು ತನ್ನ ಸೀಟಿನಲ್ಲಿ ಕೂತು, ಕಿಂಡಿ ತಿರುಗಿಸಿಕೊಂಡು, ಸ್ವಲ್ಪ ಹೊತ್ತು ಮುಖ ಒಡ್ಡಿದಳು. “ಇದು ಆಗಲ್ಲ ಮಗಾ. ರೈಸ್ ಮಿಲ್ಲಲ್ಲಿ ಕೂತಂಗೆ ಆಯ್ತದೆ. ಎರಡು ಬೇಕು.”

ಬೇರೆ ಯಾರಾದರೂ ಆಗಿದ್ದರೆ ಹೊಂದಿಕೊಳ್ಳಿ ಅನ್ನುತ್ತಿದ್ದೆ. ಇವಳಿಗೆ ಅನ್ನಲಾರೆ. ನಾಲ್ಕರ ಸದ್ದಿಗೆ ಹೊಟ್ಟೆ ತೊಳಸಿ, ಬರುವಾಗ ದಾರಿಯಲ್ಲಿ ಏನಾದರೂ ಆದರೆ ಹೋಗುವುದು ಅವಳ ಒಂದೇ ಕಣ್ಣು.

ವೇಗ ಕಡಿಮೆ ಮಾಡುವುದು ಒಂದು ಪುಟ್ಟ ರೆಸಿಸ್ಟರ್. ಸುರುಳಿ ಸುತ್ತಿದ ತಂತಿ, ಕರೆಂಟನ್ನು ತಡೆದು ತಡೆದು ಬಿಡುತ್ತದೆ. ನಾಲ್ಕನೇ ನಂಬರಿಗೆ ಅದರ ಹಂಗಿಲ್ಲ, ನೇರ ಹೋಗುತ್ತದೆ. ಅದಕ್ಕೇ ನಾಲ್ಕು ಮಾತ್ರ ಉಳಿದು ಬಾಕಿ ಮೂರೂ ಹೋಗಿರುವುದು. ಮೋಟರಿನ ಪಕ್ಕದಿಂದ ಅದನ್ನು ಬಿಚ್ಚಿ ತೆಗೆದೆ. ಸುರುಳಿಗಳು ಚೆನ್ನಾಗಿದ್ದವು, ಮೀಟರ್ ಹಿಡಿದರೆ ಎಲ್ಲವೂ ಲೆಕ್ಕ ಒಪ್ಪಿಸಿದವು. ಸುರುಳಿಗಳ ನಡುವೆ ಹೀರೇಬೀಜದಷ್ಟು ಸಣ್ಣದೊಂದು ಶಾಖದ ಫ್ಯೂಸ್ ಇತ್ತು. ಅದು ಸತ್ತಿತ್ತು.

ಅಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಈಗ ಅವನಿಗೂ ಉತ್ಸಾಹ ಬಂದಿತ್ತು. “ಇದ್ಯಾಕೆ ಹೋಯ್ತು?”

“ಚಕ್ರ ಬಿಗಿಯಾಗಿ ಮೋಟರ್ ಜಾಸ್ತಿ ಕರೆಂಟ್ ಎಳೀತು. ಇದು ಬಿಸಿಯಾಯ್ತು. ಇದನ್ನ ತಣ್ಣಗಿಡೋದು ಆ ಫ್ಯಾನಿನ ಗಾಳೀನೇ. ಗಾಳಿ ಕಮ್ಮಿ ಆಯ್ತು, ಇದು ಇನ್ನೂ ಬಿಸಿ ಆಯ್ತು.”

“ಓಹೋ. ಮುಖಕ್ಕೆ ಗಾಳಿ ಬೀಳ್ದಿದ್ರೆ ಆಗಲ್ಲ ಇದಕ್ಕೆ. ನಿಮ್ಮವ್ವನ ತರಾನೇ.”

“ಕೇಳಿಸ್ತದೆ ನನಗೆ,” ಎಂದಳು ಅವ್ವ ಒಳಗಿನಿಂದ.

ಆ ಸತ್ತ ಫ್ಯೂಸಿನ ಎರಡು ತುದಿಗೂ ಒಂದು ತಂತಿ ಸುತ್ತಿಬಿಟ್ಟರೆ ಐದು ನಿಮಿಷದ ಕೆಲಸ. ಅಪ್ಪ ಅದನ್ನೇ ಹೇಳಿದ. ಆದರೆ ಆ ಫ್ಯೂಸ್ ಇರುವುದೇ ಬೆಂಕಿ ಹತ್ತುವ ಮೊದಲು ತಾನು ಸಾಯಲಿಕ್ಕೆ. ತಂತಿ ಸಾಯುವುದಿಲ್ಲ, ಸುಡುತ್ತದೆ. ಅವ್ವನ ಮೊಣಕಾಲಿನ ಮುಂದೆಯೇ ಅದು ಇರುವುದು. ಆಗುವುದಿಲ್ಲ ಅಂದೆ. ಆಗ ನೆನಪಾದದ್ದು ಕರೆಂಟಿನ ರೈಸ್ ಕುಕ್ಕರು. ಅದರ ತಳದಲ್ಲೂ ಇಂಥದ್ದೇ ಫ್ಯೂಸ್ ಇರುತ್ತದೆ. ನಮ್ಮ ಕಡೆ ಕರೆಂಟು ಹೋಗಿ ಬರುವ ಆಟಕ್ಕೆ ಕುಕ್ಕರು ಕೆಡದ ಮನೆಯಿಲ್ಲ, ಹಾಗಾಗಿ ರಿಪೇರಿ ಅಂಗಡಿಯಲ್ಲಿ ಆ ಫ್ಯೂಸ್ ಇದ್ದೇ ಇರುತ್ತದೆ.

ಭಾನುವಾರ ಮಧ್ಯಾಹ್ನಕ್ಕೆ ಅಮ್ಮತ್ತಿಯಲ್ಲಿ ಅಂಗಡಿಗಳು ಮುಚ್ಚುವ ಹೊತ್ತು. ಗ್ರೀಸು ಮೆತ್ತಿದ ಚೂಡಿದಾರದಲ್ಲೇ ಓಡಿದೆ. ಮಿಕ್ಸಿ, ಕುಕ್ಕರು ರಿಪೇರಿ ಮಾಡುವ ಅಂಗಡಿಯವರು ಶಟರ್ ಅರ್ಧ ಎಳೆದಿದ್ದರು.

“ಕುಕ್ಕರಿನ ಫ್ಯೂಸ್ ಕೊಡಿ. ಶಾಖಕ್ಕೆ ಹೋಗೋದು.”

“ಕುಕ್ಕರ್ ಎಲ್ಲಿ ಟೀಚರೇ?”

“ಕುಕ್ಕರಿಗಲ್ಲ. ಕಾರಿಗೆ.”

ಅವರು ಶಟರ್ ಬಿಟ್ಟು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಕಾರಲ್ಲಿ ಅನ್ನ ಮಾಡ್ತೀರಾ?”

ಹಳೆಯ ಫ್ಯೂಸಿನ ಮೇಲೆ ಎಷ್ಟು ಡಿಗ್ರಿ, ಎಷ್ಟು ಆಂಪಿಯರ್ ಎಂದು ಸಣ್ಣದಾಗಿ ಬರೆದಿತ್ತು. ಡಬ್ಬಿಯಲ್ಲಿ ಹುಡುಕಿ ಹುಡುಕಿ ಅದಕ್ಕೆ ಹೊಂದುವುದನ್ನು ಆರಿಸಿಕೊಂಡೆ. ಅವರು ಬೆಸುಗೆ ಹಾಕಿಕೊಡಲೇ ಅಂದರು. ಬೆಸುಗೆಯ ಬಿಸಿಗೇ ಅದು ಸಾಯುತ್ತದೆ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆದು ನಕ್ಕೆವು. ತುದಿಗೆ ಸಿಕ್ಕಿಸಿ ಇಕ್ಕಳದಲ್ಲಿ ಒತ್ತುವ ಸಣ್ಣ ಹಿತ್ತಾಳೆ ಕೊಳವೆಗಳನ್ನು ಕೊಟ್ಟರು.

ಮನೆಗೆ ಬಂದು ಒತ್ತಿ ಕೂರಿಸಿ, ಎಳೆದು ನೋಡಿ, ಜೋಡಿಸಿದೆ. ಗುಂಡಿ ಒಂದಕ್ಕೆ. ಮೆಲ್ಲನೆ ಗಾಳಿ. ಎರಡಕ್ಕೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಆ ಸದ್ದು ಬಂತು. ನಾನು ಕರೆಯುವ ಮೊದಲೇ ಅವ್ವ ಬಂದು ಕೂತಳು. ಕಾರು ನಿಂತಲ್ಲೇ ನಿಂತಿತ್ತು, ಹೊರಗೆ ಮತ್ತೆ ಮಳೆ ಹಿಡಿದಿತ್ತು. ಅವಳು ಕಣ್ಣು ಮುಚ್ಚಿ ಮುಖ ಒಡ್ಡಿಕೊಂಡು ಬಹಳ ಹೊತ್ತು ಕೂತಳು. ಅಷ್ಟು ಹೊತ್ತೂ ನಾನು ಗ್ಲೋವ್ ಬಾಕ್ಸಿನ ಕೆಳಗೆ ಕೈ ಇಟ್ಟು ನೋಡುತ್ತಿದ್ದೆ. ಏನೂ ಬಿಸಿಯಾಗಲಿಲ್ಲ.

“ಬಟ್ಟೆ ಜೋಡಿಸ್ಕತೀನಿ,” ಎಂದು ಅವ್ವ ಎದ್ದು ಹೋದಳು. ಹತ್ತಾರು ವರ್ಷ ನನ್ನ ಅಂಕಪಟ್ಟಿಗಳನ್ನು ನೋಡಿ ‘ಹೂಂ’ ಅಂದವಳು ಅವಳು. ಅವತ್ತು ಅವಳು ಒಳಗೆ ಹೋಗಿ ಟ್ರಂಕು ಎಳೆದ ಸದ್ದು ನನಗೆ ಯಾವ ಸರ್ಟಿಫಿಕೇಟಿಗೂ ಕಡಿಮೆ ಅನಿಸಲಿಲ್ಲ.

ಸೋಮವಾರ ಹೊರಟೆವು. ಅವ್ವ ಕಣ್ಣು ಬಿಡದೆ ಹುಣಸೂರು ದಾಟಿದಳು. ಮಂಗಳವಾರ ಆಪರೇಷನ್ ಆಯಿತು. ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿ ನೋಡಿದ ಡಾಕ್ಟರು ಚೆನ್ನಾಗಿ ಆಗಿದೆ, ಕರೆದುಕೊಂಡು ಹೋಗಿ, ಪಥ್ಯ ಮಾತ್ರ ಮರೆಯಬೇಡಿ ಅಂದರು. ನಿಜವಾದ ಪರೀಕ್ಷೆ ಇನ್ನು ಮುಂದೆ ಎಂದು ನನಗೆ ಗೊತ್ತಿತ್ತು.

ಕಪ್ಪು ಕನ್ನಡಕ ಹಾಕಿ ಅವಳನ್ನು ಕೂರಿಸಿದೆ. ಕಿಟಕಿಗಳನ್ನೆಲ್ಲ ಏರಿಸಿದೆ. ಹುಣಸೂರಿನವರೆಗೆ ಬಿಸಿಲು. ಕಾಡು ಶುರುವಾದ ಕೂಡಲೇ ಮಳೆ ಹುಯ್ಯತೊಡಗಿತು. ತಿತಿಮತಿಯ ತಿರುವುಗಳಲ್ಲಿ ಎದುರಿನ ಲಾರಿಗಳು ಕೆಸರು ನೀರನ್ನು ಗಾಜಿಗೆ ಎರಚಿಕೊಂಡು ಹೋದವು. ಗಾಜಿನ ಒಳಬದಿ ಸ್ವಚ್ಛವಾಗಿತ್ತು, ಮಂಜಿನ ಒಂದು ಚುಕ್ಕಿ ಇರಲಿಲ್ಲ. ನನ್ನ ಕಿವಿ ಮಾತ್ರ ರಸ್ತೆಯ ಮೇಲಿರಲಿಲ್ಲ, ಎರಡನೇ ನಂಬರಿನ ಸದ್ದಿನ ಮೇಲಿತ್ತು. ಅದು ಸ್ವಲ್ಪ ಏರಿದರೂ ಇಳಿದರೂ ಗುಂಡಿಯ ಕಡೆ ಕಣ್ಣು ಹಾಯಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ಅಪ್ಪ ಉಸಿರಾಡುತ್ತಿದ್ದಾನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಹೇಗಿದೆ ಎಂದು ಅವ್ವನನ್ನು ಕೇಳಲು ನಮ್ಮಿಬ್ಬರಿಗೂ ಧೈರ್ಯವಿಲ್ಲ. ಕೇಳಿದರೆ ಅವಳಿಗೆ ನೆನಪಾಗಿಬಿಟ್ಟರೆ?

ಕಾಡು ಮುಗಿಯಿತು. ತಿರುವುಗಳು ಮುಗಿದವು. ಗೋಣಿಕೊಪ್ಪಲಿನ ಪೇಟೆ ಬೀದಿ ಬಂತು. ಬಸ್ಸೊಂದು ಅಡ್ಡ ನಿಂತಿದ್ದರಿಂದ ನಾನು ಕಾರು ನಿಲ್ಲಿಸಿದೆ. ಆಗ ಅವ್ವ ಬಾಯಿ ಬಿಟ್ಟಳು.

“ಮಗಾ.”

“ಏನವ್ವ? ಹೊಟ್ಟೆ ತೊಳಸ್ತದಾ?”

“ಇಲ್ಲ. ಹಸೀತದೆ.”

ಅಪ್ಪ ಹಿಂದಿನಿಂದ ಮುಂದಕ್ಕೆ ಬಗ್ಗಿದ. “ಏನಂದೆ?”

“ಹಸೀತದೆ ಅಂದೆ. ಅಲ್ಲಿ ಹೋಟ್ಲು ಕಾಣ್ತದಲ್ಲ, ಏನಾದ್ರೂ ತಿನ್ನಣ.”

ನಲವತ್ತು ವರ್ಷ ಜೊತೆಗೆ ಬಾಳಿದ ಅಪ್ಪನೂ ಅವಳು ಪ್ರಯಾಣದ ನಡುವೆ ತಿಂದದ್ದು ಕಂಡಿರಲಿಲ್ಲ. ಅವನು ಛತ್ರಿ ಬಿಚ್ಚಿ, ಅವಳ ಕನ್ನಡಕಕ್ಕೆ ಒಂದು ಹನಿ ತಾಗದ ಹಾಗೆ, ಮದುವಣಗಿತ್ತಿಯನ್ನು ಕರೆದೊಯ್ಯುವಂತೆ ಒಳಗೆ ಕರೆದುಕೊಂಡು ಹೋದ. ಅವ್ವ ಪೂರಿ ಹೇಳಿದಳು. ಬಿಸಿ ಇರಲಿ ಅಂದಳು. ಮೊದಲ ತುತ್ತು ಅವಳ ಬಾಯಿಗೆ ಹೋಗಿ, ನಿಧಾನವಾಗಿ ಅಗಿದು, ಕೆಳಗೆ ಇಳಿಯುವವರೆಗೂ ನಾವಿಬ್ಬರೂ ನೋಡುತ್ತ ಕೂತೆವು.

“ನನ್ನ ಬಾಯಿ ಏನ್ ನೋಡ್ತೀರಿ? ನೀವೂ ತಿನ್ನಿ,” ಎಂದಳು.

ನಾನು ಇನ್ನೆರಡು ಪ್ಲೇಟು ಹೇಳಿದೆ. ಬೆಳಿಗ್ಗೆಯಿಂದ ನಾನೂ ಏನೂ ತಿಂದಿಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು.